ಶನಿವಾರದ ಸಾಲಿನ ಸಹಿ

ಲಾಂಡ್ರಿಯ ಮಹಡಿ ಕೋಣೆ,
೧೪ನೇ ತಾರೀಖು, ಮಂಗಳವಾರ

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆಗೆ ಏಳು ತಿಂಗಳು ತುಂಬಿತಲ್ಲ, ಮೆಟ್ಟಿಲು ಹತ್ತಿಳಿಯುವುದು ಕಡಿಮೆ ಮಾಡಲಿ ಎಂದು ಅಮ್ಮ ಬರೆಯಲು ಹೇಳಿದ್ದಾಳೆ. ಹೊಸ ಕಾರ್ಖಾನೆಯಲ್ಲಿ ನಿನ್ನನ್ನು ಕಾಯಂ ಮಾಡಿದ್ದು ಕೇಳಿ ನಾನು ಕುಣಿದಾಡಿಬಿಟ್ಟೆ. ಅಪ್ಪ ನಮ್ಮೆದುರಿಗೆ ಮುಖ ಊದಿಸಿಕೊಂಡರು, ಸಂಜೆ ಮಾತ್ರ ಇಸ್ತ್ರಿ ಮೇಜಿನ ಹತ್ತಿರ ನಿಂತು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡರು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಹಾಗೆ ಬರೆಯಲು ಕೈ ಬರುತ್ತಿಲ್ಲ.

ಕಳೆದ ಬುಧವಾರ ಮಾಲಿನ್ಯ ಮಂಡಳಿಯ ಇನ್ಸ್‌ಪೆಕ್ಟರ್ ಹೇಳದೆ ಕೇಳದೆ ಬಂದರು. ಹಿಂದಿನ ತೊಟ್ಟಿಯಿಂದ ಹೊರಗೆ ಹೋಗುವ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿದರು. ನೀರಿನಲ್ಲಿ ಒಂದು ಕೊಂಕೂ ಸಿಗಲಿಲ್ಲ. ಆಮೇಲೆ ರಿಜಿಸ್ಟರ್ ಕೇಳಿದರು. ದಿನಾ ಬೆಳಿಗ್ಗೆ ನೀರನ್ನು ಅಳೆದು ಬರೆದು, ಸರ್ಟಿಫಿಕೇಟ್ ಇರುವ ನೀನು ಸಹಿ ಹಾಕಬೇಕಾದ ಅದೇ ರಿಜಿಸ್ಟರ್. ನಮ್ಮಲ್ಲಿ ಸೋಮವಾರ ಆಸ್ಪತ್ರೆಯ ಬಟ್ಟೆ ಬಂದು ಬೀಳುವ ಮೊದಲೇ ಇಡೀ ವಾರದ್ದನ್ನು ಒಂದೇ ಏಟಿಗೆ ಬರೆದು ಮುಗಿಸುವ ಅಭ್ಯಾಸ, ನಿನಗೆ ಗೊತ್ತೇ ಇದೆ. ಅವರು ಪುಟ ತಿರುವಿದರು, ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು, "ಇವತ್ತು ಬುಧವಾರ ಅಲ್ವೇನ್ರೀ?" ಎಂದರು. ಶನಿವಾರದ ಸಾಲಿನಲ್ಲಿ ನೀರಿನ ಅಳತೆಯೂ ಇತ್ತು, ಪಕ್ಕದಲ್ಲಿ ನಿನ್ನ ಸಹಿಯೂ ಇತ್ತು. ಅಪ್ಪ ಥಟ್ಟನೆ, "ಮಗ ಬೇರೆ ಕಡೆ ಕೆಲಸಕ್ಕಿದ್ದಾನೆ ಸ್ವಾಮಿ, ಪ್ರತಿ ಭಾನುವಾರ ಬಂದು ನೀರು ನೋಡಿ ವಾರಕ್ಕಾಗುವಷ್ಟು ಸಹಿ ಹಾಕಿ ಹೋಗ್ತಾನೆ" ಎಂದುಬಿಟ್ಟರು. ನೀನು ಕೆಲಸ ಬಿಟ್ಟದ್ದನ್ನು ಮಂಡಳಿಗೆ ತಿಳಿಸುವ ಕಾಗದ ಎಂಟು ತಿಂಗಳಿಂದ ಅವರ ಡ್ರಾಯರಿನಲ್ಲೇ ನಿದ್ದೆ ಹೊಡೆಯುತ್ತಿದೆ.

ಶುಕ್ರವಾರ ನೋಟಿಸ್ ಬಂತು. ಪರವಾನಗಿಯನ್ನು ಏಕೆ ರದ್ದು ಮಾಡಬಾರದು, ಇಪ್ಪತ್ತನೇ ತಾರೀಖು ವಿಚಾರಣೆಗೆ ಬಂದು ಹೇಳಿ ಎಂದು. ರದ್ದಾದರೆ ಅವತ್ತೇ ಬಾಯ್ಲರ್ ಆರಿಸಬೇಕು, ಹನ್ನೊಂದು ಜನ ಮನೆಗೆ ಹೋಗಬೇಕು. ಅದಕ್ಕೇ ಲಾಯರಮ್ಮನನ್ನು ಹಿಡಿದೆವು. ಹತ್ತು ವರ್ಷ ಅದೇ ಮಂಡಳಿಯಲ್ಲಿದ್ದು ಇಂಥ ನೋಟಿಸ್ ಬರೆದವರು, ಈಗ ನಮ್ಮಂಥವರ ಪರವಾಗಿ ಉತ್ತರ ಬರೆಯುತ್ತಾರೆ. "ನೀರು ಚೆನ್ನಾಗಿದೆ, ಅದೇ ನಮ್ಮ ಬಲ. ಮುಂಚೆನೇ ಬರೆದಿಟ್ಟದ್ದು ತಪ್ಪು ಅಂತ ಒಪ್ಕೊಂಡ್ರೆ ದಂಡ ಹಾಕಿ ಬಿಡಬಹುದು. ಆದ್ರೆ ನನಗೆ ಹೇಳದೆ ಇಟ್ಟ ವಿಷಯ ಅವತ್ತು ಅವರ ಬಾಯಿಂದ ಬಂತೋ, ಆಮೇಲೆ ನನ್ನ ಕೈಲಿ ಏನೂ ಆಗಲ್ಲ" ಎಂದರು. ಹೇಳುವಾಗ ನನ್ನನ್ನೇ ನೋಡುತ್ತಿದ್ದರು. ಅಪ್ಪ ಫ್ಯಾನು ನೋಡುತ್ತಿದ್ದರು.

ಅಪ್ಪ ಹೇಳಿದ್ದನ್ನೇ ನಂಬಿ ಲಾಯರಮ್ಮ ಬರೆದುಕೊಟ್ಟ ಅಫಿಡವಿಟ್ ಇದರ ಜೊತೆಗಿದೆ. ಭಾನುವಾರಗಳಂದು ನೀನೇ ಬಂದು ಸಹಿ ಹಾಕುತ್ತಿದ್ದೆ ಎಂದು ಅದರಲ್ಲಿದೆ. ನೋಟರಿಯ ಮುಂದೆ ಸಹಿ ಮಾಡಿ, ಹದಿನೆಂಟರೊಳಗೆ ಇಲ್ಲಿಗೆ ಮುಟ್ಟುವಂತೆ ಕಳಿಸಬೇಕಂತೆ. ಕಣ್ಣಿನ ಆಪರೇಷನ್ ಆದಮೇಲೆ ಅಪ್ಪನಿಗೆ ಅಕ್ಷರ ಕಾಣುವುದಿಲ್ಲ, ಎದುರಿಗೇ ಕೂತು ಬರೆದಷ್ಟನ್ನೂ ಓದಿಸಿಕೊಳ್ಳುತ್ತಿದ್ದಾರೆ. (ಡ್ರಾಯರು, ಫ್ಯಾನು ಎರಡನ್ನೂ ಹಾರಿಸಿ ಓದಿದೆ.) "ಒಂದೇ ಒಂದು ಸಹಿ, ಅವನ ಗಂಟೇನು ಹೋಗುತ್ತೆ ಅಂತ ಬರಿ" ಎಂದರು. ಬರೆದಿದ್ದೇನೆ.

ಅಪ್ಪ ಅಮ್ಮನ ಆಶೀರ್ವಾದ ನಿಮ್ಮಿಬ್ಬರಿಗೂ, ಬರಲಿರುವ ಪುಟಾಣಿಗೂ. ಅತ್ತಿಗೆಗೆ ನನ್ನ ನೆನಪು ಹೇಳು.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಅಪ್ಪ ಅಂಟು ತರಲು ಕೆಳಗೆ ಹೋದರು. ಸಹಿ ಹಾಕಬೇಡ ಅಣ್ಣಾ. ಎಂಟು ತಿಂಗಳಿಂದ ನಿನ್ನ ಸಹಿ ಹಾಕಿದ್ದು ನಾನು. ಬೇರೆಯವರು ಸಿಗುವ ತನಕ ಅಂದುಕೊಂಡು ಶುರುಮಾಡಿದೆ, ಆಮೇಲೆ ಕೈಗೆ ರೂಢಿಯಾಗಿಬಿಟ್ಟಿತು. ಅಪ್ಪನಿಗೂ ಗೊತ್ತು. ಅವತ್ತು ನನ್ನನ್ನು ಉಳಿಸಲು ಬಾಯಿಗೆ ಬಂದದ್ದು ಹೇಳಿದರು, ಈಗ ಅದಕ್ಕೇ ಅಂಟಿಕೊಂಡಿದ್ದಾರೆ. ಭಾನುವಾರ ನಿನಗೆ ಪಾಳಿ ಇರುತ್ತದೆ. ಮಂಡಳಿಯವರು ನಿನ್ನ ಕಾರ್ಖಾನೆಯ ಹಾಜರಿ ಪುಸ್ತಕ ತರಿಸಿದರೆ ನಿನ್ನ ಸರ್ಟಿಫಿಕೇಟೂ ಹೋಯಿತು, ಕೆಲಸವೂ ಹೋಯಿತು. ನಾಳೆ ಹತ್ತು ಗಂಟೆಗೆ ಒಬ್ಬಳೇ ಹೋಗಿ ಲಾಯರಮ್ಮನಿಗೆ ಎಲ್ಲ ಹೇಳುತ್ತೇನೆ. ಅಪ್ಪ ನಿನ್ನ ಮನೆಗೇ ಬಂದು ಕೂತು, ನಿನ್ನ ತಂಗಿ ಉಳಿಯಲಿ ಎಂದು ಅತ್ತರೂ ಸಹಿ ಹಾಕಬೇಡ.