ಹೊಸ ವೈನಿನಲ್ಲಿ ಬಾಳೆಹಣ್ಣಿನ ಪರಿಮಳ

ಚಿರಂಜೀವಿ ಮಗಳಿಗೆ ಆಶೀರ್ವಾದಗಳು.

ನೀನು ವೈನ್ ತಯಾರಿಕೆಗೆ ಸೇರಿದಂದಿನಿಂದ ನಾನು ನಿನ್ನೊಡನೆ ಮಾತು ಬಿಟ್ಟಿದ್ದೇನೆ. ಆದರೆ ನೀನು ಕಳುಹಿಸಿದ ಎರಡು ಸೀಸೆ ಕೆಂಪು ವೈನ್ ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ. ದ್ರಾಕ್ಷಿಯ ಕೊಯ್ಲು ಮುಗಿದು ಎರಡು ತಿಂಗಳೂ ಆಗಿಲ್ಲ. ಇಷ್ಟು ಬೇಗ ಅದು ಹೇಗೆ ಹದಕ್ಕೆ ಬಂತು? ಬರಿಯ ದ್ರಾಕ್ಷಿಗೆ ಬಾಳೆಹಣ್ಣಿನ ಪರಿಮಳ ಎಲ್ಲಿಂದ ಬಂತು? ಪರಿಮಳವನ್ನಷ್ಟೇ ಪರೀಕ್ಷಿಸಿದೆನೆಂದರೆ ನಿನ್ನ ಅಮ್ಮ, "ಮೂಸಿದ್ದಕ್ಕೇ ಒಂದು ಸೀಸೆ ಖಾಲಿ ಆಯ್ತಾ ಮೇಷ್ಟ್ರೇ?" ಎಂದು ನಗುತ್ತಾಳೆ.

ಉತ್ತರವನ್ನು ಬರೆದು ಕಳುಹಿಸಬೇಡ. ಬರವಣಿಗೆಯಲ್ಲಿ ನೀನು ಮೊದಲಿನಿಂದಲೂ ಅವಸರದವಳು. ಎದುರು ಕುಳಿತು ಕ್ರಮವಾಗಿ ವಿವರಿಸು. ಇದನ್ನು ಹೊಸದಾಗಿರುವಾಗಲೇ ಕುಡಿಯಬೇಕಂತೆ; ಆದ್ದರಿಂದ ಬರುವ ಭಾನುವಾರವೇ ಬಾ. ಎರಡನೆಯ ಸೀಸೆಯನ್ನು ತೆರೆದಿಲ್ಲ. ಬಾಗಿಲನ್ನು ನಾನೇ ತೆರೆಯುತ್ತೇನೆ.

ಇಂತು,
ನಿನ್ನ ಅಪ್ಪ