ಮೇ ಲಿನ್ ಕಲಿತ ‘ಸಾಫ್ಟ್’

ಬಳ್ಳಾರಿ
20-8-1973

ಅವ್ವನಿಗೆ ಮಗಳು ದಾಕ್ಷಾಯಣಿಯ ಶರಣು.

ನಾವೆಲ್ಲ ಕ್ಷೇಮ. ನೀನು ಕ್ಷೇಮವಿಲ್ಲ ಅಂತ ಅಣ್ಣ ಮರಿಬಸಪ್ಪ ಕುರುಗೋಡಿನಿಂದ ಬರೆದಿದ್ದಾನೆ. ಆಷಾಢದಿಂದ ಇದ್ದ ಹಲ್ಲುನೋವು ಈಗ ದವಡೆ ಬಾತು ಕಣ್ಣಿನವರೆಗೆ ಬಂದಿದೆಯಂತೆ, ನಾಲ್ಕು ದಿನದಿಂದ ಬರೀ ಗಂಜಿಯಂತೆ. ಆದರೂ ಆಷಾಢದಲ್ಲಿ ಅಂದ ಹಾಗೆ ಈಗಲೂ ಬಳ್ಳಾರಿಗೆ ಬರಾಕ ಒಲ್ಲೆ, ಮೀನ ಮಾಂಸ ತಿನ್ನೋರ ಕೈ ನನ್ನ ಬಾಯಾಗ ಬ್ಯಾಡ ಅಂದೆಯಂತೆ. ನಿನ್ನಷ್ಟು ಹಟ ಕುರುಗೋಡಿನ ಬೆಟ್ಟಕ್ಕೂ ಇಲ್ಲ. ಸಿಟ್ಟಾಗದೆ ಓದು, ಆ ಕೈಯ ಬಗ್ಗೆಯೇ ಬರೆಯುತ್ತೇನೆ.

ಮೇ ಲಿನ್ ನಮ್ಮ ಓಣಿಯ ಚೀನಾ ಹಲ್ಲಿನ ಡಾಕ್ಟರರ ಹೆಂಡತಿ. ಗಂಡನ ಹತ್ತಿರವೇ ಕೆಲಸ ಕಲಿತು ಹೆಂಗಸರ ಹಲ್ಲು ತಾನೇ ಕೀಳುತ್ತಾಳೆ. ಹೋದ ವರ್ಷ ನನ್ನದನ್ನೂ ಆಕೆಯೇ ಕಿತ್ತಿದ್ದು. ನಿನಗೆ ಹೇಳಿರಲಿಲ್ಲ, ಈಗ ಬೈದುಕೋ. ಹುಟ್ಟಿದ್ದು ಕಲ್ಕತ್ತೆಯಲ್ಲಿ, ನಮ್ಮ ಮಾತು ಕಲಿತದ್ದು ಕಾಯಿಪಲ್ಲೆ ಸಂತೆಯಲ್ಲಿ. ಔಷಧಿ ಬಾಟಲಿಯ ಮೇಲಿನ ಬರಹ ಓದಲು ಬರಲಿ ಅಂತ ನನ್ನಿಂದ ಇಂಗ್ಲಿಷ್ ಹೇಳಿಸಿಕೊಳ್ಳುತ್ತಾಳೆ.

ಹೋದ ತಿಂಗಳು ಪಾಠದಲ್ಲಿ ‘ಸಾಫ್ಟ್’ ಅನ್ನುವ ಪದ ಬಂತು. ಮೆತ್ತಗಿರುವುದು ಅಂದೆ, ಮುಗಿಯಿತು ಅಂದುಕೊಂಡೆ. ಆಕೆ ಬಿಡಬೇಕಲ್ಲ. ಮರುದಿನ ಹತ್ತಿ, ಬೆಣ್ಣೆ, ಬಿಸಿ ರೊಟ್ಟಿ ಮುಂದಿಟ್ಟು ಒಂದೊಂದನ್ನೇ ಒತ್ತಿ ಒತ್ತಿ ಕೇಳಿದಳು. ಕೈಗೆ ಸಿಗದ್ದಕ್ಕೂ ಹೇಳಬಹುದು, ಧ್ವನಿಗೆ, ಬೆಳಕಿಗೆ, ಮನಸ್ಸಿಗೆ ಅಂತ ನಾನು ಅಂದಾಗ ಪೆನ್ಸಿಲ್ ಕೆಳಗಿಟ್ಟು ಕೂತುಬಿಟ್ಟಳು. ಅವರ ಭಾಷೆಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪದಗಳಂತೆ. ಎಂಟು ದಿನ ಬಿಟ್ಟು, ಪಕ್ಕದ ಮನಿ ಪಕ್ಕೀರಮ್ಮ ಮೊಮ್ಮಗಳಿಗೆ ಬೈಯೋದು ಸಾಫ್ಟ್ ಐತಿ ನೋಡ್ರಿ ಅಂದಳು. ಹತ್ತು ವರ್ಷ ಸಾಲಿಯಲ್ಲಿ ಪಾಠ ಹೇಳಿದ ನನಗೆ ಅಂಥ ಉದಾಹರಣೆ ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ನಿಮ್ಮ ತಾಯಿ ಯಾಕ ಬರವಲ್ಲರು ಅಂತ ದಿನಾ ಕೇಳುತ್ತಾಳೆ. ನಿಜ ಹೇಳಲು ಬಾಯಿ ಬರಲಿಲ್ಲ, ನೋವಿಗೆ ಹೆದರುತ್ತಾಳೆ ಅಂತ ಸುಳ್ಳು ಹೇಳಿದ್ದೇನೆ. ಕೀವು ಏರಿದರೆ ಜೀವಕ್ಕೇ ಅಪಾಯವಂತೆ ಅವ್ವ. ನನಗೆ ನಿಜವಾಗಿ ಭಯವಾಗಿದೆ. ಕಾಗದ ಮುಟ್ಟಿದ ಮರುದಿನವೇ ಅಣ್ಣನ ಜೊತೆ ಮೊದಲ ಬಸ್ಸಿಗೆ ಬಾ.

ನಿನ್ನ ಮಗಳು,
ದಾಕ್ಷಾಯಣಿ

ವಿ.ಸೂ.: ಕಾಗದ ಅಂಟಿಸುವ ಮುಂಚೆ ಆಕೆಯ ಗಂಡ ಬಂದಿದ್ದರು. ನನ್ನ ಸುಳ್ಳನ್ನು ಆಕೆ ನಂಬಿಯೇ ಇರಲಿಲ್ಲವಂತೆ. ನೀನು ಯಾವ ದಿನ ಬರುತ್ತೀಯೋ ಗೊತ್ತಿಲ್ಲ ಅಂತ, ಶ್ರಾವಣ ಹಿಡಿದಾಗಿನಿಂದ ಆಕೆ ಮೀನು, ಮಾಂಸ, ಮೊಟ್ಟೆ ಒಂದನ್ನೂ ಮುಟ್ಟಿಲ್ಲವಂತೆ. ಇವತ್ತಿಗೆ ಇಪ್ಪತ್ತೊಂದು ದಿನ. ನನ್ನ ಮುಂದೆ ಇದರ ಬಗ್ಗೆ ಒಂದು ಮಾತೂ ಆಡಿಲ್ಲ.