ಅಮ್ಮನ ಸೌಟಿನ ಹಿಡಿ

ರೇಫರ್ಡಣ್ಣಾ,

ಇವತ್ತು ಮಧ್ಯಾಹ್ನ ನಿನ್ನ ಬೇಸ್ ಗಿಟಾರ್ ನನ್ನ ತೊಡೆಯ ಮೇಲಿತ್ತು.

ಡೆಟ್ರಾಯಿಟಿನಲ್ಲಿ ಬೇಸ್ ನುಡಿಸುವ ನಾವು ಕೆಲವರು ಅರ್ಲೀನಳ ಗ್ಯಾರೇಜಿನಲ್ಲಿ ದುಂಡಗೆ ಕೂತು, ವಾದ್ಯಗಳನ್ನು ಎಡಗಡೆಯವರಿಗೆ ದಾಟಿಸುತ್ತ ನುಡಿಸಿ ಹೋಲಿಸುತ್ತೇವೆ. ಇವತ್ತು ನನ್ನ ಬಲಕ್ಕೆ ಒಬ್ಬ ಹೊಸಬನಿದ್ದ. ಅವನು ಕೊಟ್ಟ ಗಿಟಾರಿನ ಮೇಲೆ ಹೆಬ್ಬೆರಳು ಊರಲು ಹೋದರೆ, ಅಲ್ಲಿ ಅಮ್ಮನ ಮುರಿದ ಸೌಟಿನ ಹಿಡಿ. ಹೆಬ್ಬೆರಳಿಗೆ ಆಸರೆಯಾಗಲಿ ಅಂತ ನೀನು ಅಂಟಿಸಿದ್ದು, ಅದೇ ಸುಟ್ಟ ಕಲೆ.

"ಅಡುಗೆಮನೆ ಸಾಮಾನು ಇದಕ್ಕೆ ಯಾಕಪ್ಪಾ?" ಎಡಕ್ಕೆ ಕೂತಿದ್ದ ಅರ್ಲೀನ್ ನಕ್ಕಳು.

"ನಾನು ತಗೊಂಡಾಗ್ಲೇ ಇತ್ತು. ಕೀಳೋಕೆ ಮನಸ್ಸು ಬರ್ಲಿಲ್ಲ," ಅಂದ ಅವನು.

ನೀನು ಕಾಣೆಯಾದ ದಿನ ಇದು ನಿನ್ನ ಹೆಗಲಲ್ಲಿತ್ತು. "ಉಸಿರಿರೋ ತನಕ ಇದನ್ನ ಯಾರಿಗೂ ಕೊಡಲ್ಲ" ಅಂತ ನೀನು ಹೇಳುತ್ತಿದ್ದೆ.

ಯಾರ ವಾದ್ಯ ಕೈಗೆ ಬಂದರೂ ನಾವು ಮೊದಲು ಕೇಳುವುದು ಒಂದೇ: ಎಲ್ಲಿ ಸಿಕ್ತು? ನಾನೂ ಅದನ್ನೇ ಕೇಳಲು ಬಾಯಿ ತೆರೆದೆ.

"ದನಿ ಚೆನ್ನಾಗಿದೆ," ಅಂದೆ, ಒಂದು ತಂತಿಯನ್ನೂ ಮೀಟದೆ.

ಅರ್ಲೀನ್ ಕೈ ಚಾಚಿದಳು. ಅವಳು ಕೇಳದೆ ಬಿಡುವವಳಲ್ಲ. ಗಿಟಾರನ್ನು ಅವಳಿಗೆ ಕೊಟ್ಟು ಹೊರಗೆ ಬಂದುಬಿಟ್ಟೆ.

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಅರ್ಲೀನ್ ಓಡಿ ಬಂದು ಕಿಟಕಿ ಬಡಿಯುತ್ತಿದ್ದಾಳೆ, ಏನೋ ಹೇಳುತ್ತಿದ್ದಾಳೆ. ನಾನಿನ್ನೂ ಗಾಜು ಇಳಿಸಿಲ್ಲ.